ತಪ್ಪು ವೇಗದ ಹಾಡು

ನನ್ನ ಗಂಡ ಕ್ಲೈವ್ ಆರ್ಮರಾಡ್‌ನ ಸಂಗೀತ ಕೇಳಿದರೆ ಜನ ನಿದ್ದೆ ಹೋಗುತ್ತಾರೆ. ಇದು ಬೈಗುಳವಲ್ಲ, ಅವನ ಕಸುಬೇ ಅದು. ಅವನ ಸಂಗೀತ ಕಛೇರಿಗೆ ಬರುವವರು ಬಾಗಿಲಲ್ಲೇ ಬೂಟು ಬಿಚ್ಚಿಟ್ಟು, ತಂದ ಚಾಪೆ ಹಾಸಿ, ಕಂಬಳಿ ಹೊದ್ದು ಮಲಗುತ್ತಾರೆ. ಕೊನೆಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಎರಡು ಮೂಲೆಯಿಂದ ಗೊರಕೆ ಕೇಳಿಸಿತೋ, ಕಾರ್ಯಕ್ರಮ ಗೆದ್ದಿತು ಅಂತಲೇ ಲೆಕ್ಕ.

ಇಷ್ಟಕ್ಕೆಲ್ಲ ಮೂಲ ಒಂದು ತಪ್ಪು, ಅದೂ ಅವನದೇ ಜಂಭದಿಂದ ಆದದ್ದು.

ನಾವು ಇಂಗ್ಲೆಂಡಿನ ಟಾಡ್‌ಮರ್ಡನ್ ಎಂಬ ಊರಿನವರು. ಹರೆಯದಲ್ಲಿ ನಾನು ಕುಣಿಯುವವಳು. ಶನಿವಾರ ಬಂತೆಂದರೆ ಬಸ್ಸು ಹತ್ತಿ ಪಕ್ಕದೂರು ಬರ್ನ್ಲಿಗೆ ಹೋಗಿ, ಡಾನ್ಸ್ ಹಾಲ್‌ನ ನೆಲಕ್ಕೆ ಟಾಲ್ಕಂ ಪೌಡರ್ ಚೆಲ್ಲಿ, ಜಾರಿ, ಗಿರ್ರನೆ ತಿರುಗಿ, ಕಾಲು ಸೋಲುವ ತನಕ ಕುಣಿಯುತ್ತಿದ್ದೆ. ಕ್ಲೈವ್‌ಗೆ ಕುಣಿಯಲು ಬಾರದು. ಗೋಡೆಗೆ ಒರಗಿ ನನ್ನ ಕಾಲುಗಳನ್ನೇ ನೋಡುತ್ತಿದ್ದ. ಮದುವೆಯಾದ ಮೇಲೆ ಹಿಂದಿನ ಕೋಣೆಯಲ್ಲಿ ಯಾರೋ ಬಳಸಿ ಬಿಟ್ಟ ಸಿಂಥಸೈಜರ್ ಇಟ್ಟುಕೊಂಡು ಆ ಕಾಲುಗಳಿಗೆಂದೇ ಒಂದು ಹಾಡು ಕಟ್ಟಿದ. ಅಡುಗೆಮನೆಯಲ್ಲೇ ಕುಣಿದು ತೋರಿಸಿದೆ. ಕೆಟಲ್ ಉರುಳಿತು, ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಹಾಡಿನ ರೆಕಾರ್ಡು ಮಾಡಿಸಿದೆವು. ಆದರೆ ಲೇಬಲ್ ಮೇಲೆ ಅಕ್ಷರ ಹಾಕಿಸಲು ಅವನು ಒಪ್ಪಲಿಲ್ಲ. ಈ ಕಸುಬಿನವರ ಬಿಂಕವೇ ಆಗ ಹಾಗಿತ್ತು. ಬರೀ ಬಿಳಿ ಲೇಬಲ್, ಹೆಸರಿಲ್ಲ, ಊರಿಲ್ಲ.

"ನಲವತ್ತೈದರ ಸ್ಪೀಡಲ್ಲಿ ಹಾಕ್ಬೇಕು ಅಂತಾದ್ರೂ ಬರಿಯೋ," ಎಂದೆ.

"ಗೊತ್ತಿರೋರಿಗೆ ಗೊತ್ತಾಗುತ್ತೆ ಬಿಡೇ," ಎಂದ.

ಗೊತ್ತಾಗಲಿಲ್ಲ. ನಿಮಿಷಕ್ಕೆ ನಲವತ್ತೈದು ಸುತ್ತು ತಿರುಗಬೇಕಾದ ರೆಕಾರ್ಡನ್ನು ರೇಡಿಯೋದವನೊಬ್ಬ ಮೂವತ್ತಮೂರರ ನಿಧಾನ ವೇಗದಲ್ಲಿ ತಿರುಗಿಸಿದ. ನಾವು ಮೀನು ಚಿಪ್ಸ್ ಮುಂದಿಟ್ಟುಕೊಂಡು ಕಾಯುತ್ತಿದ್ದೆವು. ನನ್ನ ಹಾಡು ಕಾಲೆಳೆಯುತ್ತಾ ಬಂತು. ಡ್ರಮ್ಮಿನ ಸದ್ದು ಮಹಡಿಯ ಮೇಲೆ ಯಾರೋ ಮೆಲ್ಲಗೆ ಓಡಾಡಿದ ಹಾಗೆ ಕೇಳಿಸಿತು. "ಫೋನ್ ಮಾಡಿ ಹೇಳೋ, ಕತ್ತೆ!" ಎಂದು ಕಿರುಚಿದೆ. ಅವನು ಎದ್ದು ಹೋಗುವಷ್ಟರಲ್ಲಿ ರೇಡಿಯೋದವನು ಗದ್ಗದ ದನಿಯಲ್ಲಿ, ಇಂಥದ್ದನ್ನು ಜನ್ಮದಲ್ಲಿ ಕೇಳಿರಲಿಲ್ಲ ಎನ್ನುತ್ತಿದ್ದ. ವಾರದೊಳಗೆ ಲಂಡನ್ನಿನ ಕಂಪನಿಯೊಂದು, ಇದೇ ಥರದ್ದು ಒಂದು ಆಲ್ಬಂ ತುಂಬುವಷ್ಟು ಬೇಕು ಎಂದಿತು. ಕ್ಲೈವ್ ನನ್ನ ಮುಖ ನೋಡಿದ. ಆಮೇಲೆ ಹೂಂ ಎಂದ.

ಬರ್ಲಿನ್, ಟೋಕಿಯೋ, ಎಲ್ಲ ಸುತ್ತಿದ. ಅವನ ಹಾಡು ಕೇಳುತ್ತಾ ಹೆತ್ತವರಿದ್ದಾರೆ, ಕೇಳುತ್ತಾ ಕಣ್ಣು ಮುಚ್ಚಿದವರೂ ಇದ್ದಾರೆ. ಹೊಗಳಿ ಬಂದವರನ್ನೆಲ್ಲ ನಗುನಗುತ್ತಾ ಕಳಿಸಿ, ವ್ಯಾನು ಹತ್ತಿದ ಮೇಲೆ ಒಂದೇ ಮಾತು: "ಅದು ನಾನು ಮಾಡಿದ್ದಲ್ಲ ಕಣೇ ಜೆನ್."

ಈ ವಸಂತದಲ್ಲಿ ಡಾಕ್ಟರು, ಅವನ ಎರಡೂ ಕಿವಿ ಹೋಗುತ್ತಿವೆ ಎಂದರು. ಕೊನೆಯ ಕಾರ್ಯಕ್ರಮ ನಮ್ಮೂರಿನ ಹಳೆಯ ಮೆಥಡಿಸ್ಟ್ ಚರ್ಚಿನಲ್ಲಿ, ಭಾನುವಾರ ಮಧ್ಯಾಹ್ನ ಎಂದು ನಿಗದಿಯಾಯಿತು.

"ಆ ಮೊದಲ ಹಾಡನ್ನ ಸರಿಯಾದ ಸ್ಪೀಡಲ್ಲಿ ಹಾಕ್ತೀನಿ," ಎಂದ. "ಕಿವಿ ಹೋಗೋ ಮುಂಚೆ ಅದು ಒಳ್ಳೇದೋ ಕೆಟ್ಟದ್ದೋ ನಂಗೆ ಗೊತ್ತಾಗ್ಬೇಕು."

"ಮನೇಲಿ ಕೇಳಿಲ್ವೇನೋ?"

"ಮನೇಲಿ ಏನು ಗೊತ್ತಾಗುತ್ತೆ? ಜನರ ಮಧ್ಯೆ ಕೇಳ್ಬೇಕು."

"ಎದ್ದು ಹೋದ್ರೆ?"

"ಹೋಗ್ಲಿ."

ಅಂದು ಚರ್ಚು ತುಂಬಿತ್ತು. ಎಲ್ಲರೂ ಮಲಗಿ ಕಣ್ಣು ಮುಚ್ಚಿದ್ದರು. ಕ್ಲೈವ್ ಆ ಬಿಳಿ ಲೇಬಲ್ಲಿನ ರೆಕಾರ್ಡು ಇಟ್ಟು ಮುಳ್ಳು ಇಳಿಸಿದ. ಹಾಡು ಚಿಮ್ಮಿತು. ಒಂದೊಂದೇ ತಲೆ ಎದ್ದಿತು. ಯಾರೋ ಗಡ್ಡದವನು ಕೂಗಿದ: "ಸ್ಪೀಡ್ ತಪ್ಪಾಗಿದೆ ಗುರುವೇ!"

ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಮುದುಕನಿಗೆ ಮರೆವು ಎಂದು ಪ್ರೀತಿಯಿಂದಲೇ ನಕ್ಕರು. ಕ್ಲೈವ್‌ನ ಮುಖ ಕೆಂಪಾಯಿತು. ಕೈ ವೇಗದ ಗುಂಡಿಯ ಕಡೆ ಹೋಯಿತು. ನನಗೆ ಮೈಯೆಲ್ಲ ಉರಿಯಿತು.

"ಕೈ ತೆಗಿಯೋ ಅಲ್ಲಿಂದ!" ಎಂದು ರೆಕಾರ್ಡು ಮಾರುವ ಮೇಜಿನ ಹಿಂದಿನಿಂದ ಕೂಗಿದೆ. "ಸರಿಯಾಗೇ ಇದೆ!"

ನನ್ನ ಸೊಂಟದ ಕೀಲು ಬದಲಾಯಿಸಿ ವರ್ಷವಾಗಿಲ್ಲ. ಆದರೂ ಕಾಲುಚೀಲದಲ್ಲೇ ಆ ಚಾಪೆಗಳ ನಡುವೆ ಹೋಗಿ ನಿಂತೆ. ನೆಲಕ್ಕೆ ಚೆನ್ನಾಗಿ ಮೇಣ ಉಜ್ಜಿದ್ದರು. ಜಾರಿದೆ, ತಿರುಗಿದೆ, ಮತ್ತೆ ಜಾರಿದೆ. ಕಂಬಳಿ ಹೊದ್ದ ಒಬ್ಬಾಕೆ ಭುಜ ಅಲ್ಲಾಡಿಸಿದಳು. ಇನ್ನಿಬ್ಬರು ಚಾಪೆ ಸುತ್ತಿಕೊಂಡು ಹೊರಗೆ ಹೋದರು. ಉಳಿದವರು ಎದ್ದು ಕೂತು, ಪಾಪ, ಮರ್ಯಾದೆಯಿಂದ ನೋಡಿದರು.

ಕುಣಿಯುತ್ತಲೇ ನನಗೂ ಅರ್ಥವಾಯಿತು. ಹಾಡು ಲವಲವಿಕೆಯದು, ಚೊಕ್ಕವಾದದ್ದು. ಆದರೆ ಆ ಕಾಲದಲ್ಲಿ ನಮ್ಮ ಲ್ಯಾಂಕಷೈರ್ ಸೀಮೆಯ ಹಿಂದಿನ ಕೋಣೆಗಳಲ್ಲೆಲ್ಲ ಹುಡುಗರು ಇಂಥದ್ದನ್ನೇ ಕಟ್ಟುತ್ತಿದ್ದರು. ಆದರೂ ಕಾಲು ನಿಲ್ಲಿಸಲಿಲ್ಲ.

ಹಾಡು ಮುಗಿಯಿತು. ನಾನು ವೇದಿಕೆಯ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಾ ಕೂತೆ. ಕ್ಲೈವ್ ಬಂದು ಪಕ್ಕದಲ್ಲಿ ಕೂತ.

"ನಿಧಾನದ್ದೇ ಚೆನ್ನಾಗಿದೆ, ಅಲ್ವಾ? ಸಮಾಧಾನಕ್ಕೆ ಅಂತ ಏನೇನೋ ಹೇಳ್ಬೇಡ."

"ಹೂಂ ಕಣೋ. ಅದೇ ಚೆನ್ನಾಗಿರೋದು."

ಅವನ ಕಣ್ಣು ತುಂಬಿತು, ನನ್ನದೂ. ಅವನ ತೋಳು ಹಿಡಿದು ಹೇಳಿದೆ: "ಆದ್ರೆ ಅದಕ್ಕೆ ನನ್ ಕಾಲು ಏಳಲ್ಲ. ಅದು ಅವರಿಗಿರ್ಲಿ. ಇದು ನನಗೆ ಮಾಡ್ಕೊಟ್ಟಿದ್ದು, ಯಾರಿಗೂ ಕೊಡಲ್ಲ."

ಅವನು ಮೂಗೊರೆಸಿಕೊಂಡು ಎದ್ದು ಹೋಗಿ, ಅದೇ ರೆಕಾರ್ಡನ್ನು ಮೂವತ್ತಮೂರಕ್ಕೆ ಹಾಕಿದ. ಜನ ಕಂಬಳಿ ಎಳೆದುಕೊಂಡು ಮಲಗಿದರು. ನಾನು ಮೇಜಿಗೆ ವಾಪಸಾಗಲಿಲ್ಲ. ಅಲ್ಲೇ ಅವರ ನಡುವೆ ಬರಿ ನೆಲದ ಮೇಲೆ ಒರಗಿ, ಮೂವತ್ತು ವರ್ಷದಲ್ಲಿ ಮೊದಲ ಸಲ ಅದನ್ನು ಕೊನೆಯ ತನಕ ಕೇಳಿದೆ.