ಕಣಕಾಲೊಳಗಿನ ಕಾಳು

ನನ್ನ ಬಲಗಾಲನ್ನು ಒಳಗೆ ಸಾಗಿಸಲು ಆಸ್ಪತ್ರೆಯವರು ಮುಂದಿನ ಗೋಡೆಯನ್ನೇ ಒಡೆಸಿದರು. ನೋವು ತುಂಬಿ ತುಂಬಿ ಕಾಲಿಗೆ ಆನೆಯ ತೂಕ ಬಂದಿತ್ತು. ಎಕ್ಸ್‌ರೇ ಯಂತ್ರ ನನ್ನ ಮೂಳೆಯನ್ನು ಕಂಡದ್ದೇ ಹೆದರಿ ಕೆಟ್ಟು ನಿಂತಿತು. ಅದಕ್ಕೆ ಧೈರ್ಯ ಹೇಳಲು ಇನ್ನೊಂದು ಯಂತ್ರ ತರಿಸಬೇಕಾಯಿತು.

ನಂಬುವುದಿಲ್ಲ, ಅಲ್ಲವೇ? ಇದೇ ನನ್ನ ಗೋಳು. ನಾನು ಗೋಡೆಗೆ ಬಣ್ಣ ಬಳಿಯುವವನು. ಒಂದು ಪದರ ಸಾಕಾಗುವ ಕಡೆ ಮೂರು ಬಳಿದೇ ಅಭ್ಯಾಸ, ಮಾತಿಗೂ ಹಾಗೇ. ಕೇಳುವವರು ಹೇಗಿದ್ದರೂ ಅರ್ಧಕ್ಕರ್ಧ ಕಳೆದೇ ಕೇಳುತ್ತಾರೆ. ಮೊದಲೇ ಸೇರಿಸಿ ಹೇಳದಿದ್ದರೆ ನನಗೇ ನಷ್ಟ.

ನೋವು ಶುರುವಾದದ್ದು ಏಣಿಯ ಮೇಲೆ. ಹಗಲು ಚುಚ್ಚುತ್ತಿತ್ತು, ರಾತ್ರಿ ಮಲಗಿದರೆ ಒಳಗಿನಿಂದ ಕೊರೆಯುತ್ತಿತ್ತು. ಜೊತೆಯಲ್ಲಿ ಕೆಲಸ ಮಾಡುವ ಭಾವಮೈದುನನಿಗೆ, "ಕಾಲು ಉರಿದು ಬೂದಿಯಾಗ್ತಿದೆ ಕಣೋ" ಎಂದೆ.

ಅವನು ಬ್ರಷ್ ನಿಲ್ಲಿಸಲಿಲ್ಲ. "ಬೂದಿ ಕೆಳಗೆ ಬೀಳದ ಹಾಗೆ ನೋಡ್ಕೋ ಭಾವ, ಮನೆಯವರು ಈಗಷ್ಟೇ ನೆಲ ಒರೆಸಿದಾರೆ."

ಮೊದಲ ಡಾಕ್ಟರು ಉಳುಕು ಎಂದರು. ಎರಡನೆಯವರು ನರ ಎಂದರು. ಮೂರನೆಯವರಿಗೆ ನಾನು, "ಸೊಂಟದಿಂದ ಹೆಬ್ಬೆರಳಿನ ತನಕ ಗರಗಸ ಆಡಿಸಿದ ಹಾಗಾಗುತ್ತೆ" ಎಂದೆ. ಅವರು ಸೊಂಟದ್ದು, ಮೊಣಕಾಲಿನದು, ಪಾದದ್ದು ಎಂದು ಎಕ್ಸ್‌ರೇ ಚಿತ್ರದ ಮೇಲೆ ಚಿತ್ರ ತೆಗೆಸಿ, ಮನಸ್ಸಿಗೆ ಸ್ವಲ್ಪ ವಿಶ್ರಾಂತಿ ಕೊಡಿ ಎಂದರು. ಮನಸ್ಸಿಗೆ! ಏಣಿ ಹತ್ತುವುದು ನನ್ನ ಮನಸ್ಸೇ? ಏಣಿ ಹತ್ತಲಾಗದೆ ನಾನು ಗೋಡೆಯ ಬುಡದ ಪಟ್ಟಿ ಬಳಿಯುತ್ತಾ ಹಸುಗೂಸಿನ ಹಾಗೆ ನೆಲದ ಮೇಲೆ ತೆವಳುತ್ತಿದ್ದೆ. ಹೀಗೇ ಮುಂದುವರಿದರೆ ತೆವಳುವವನನ್ನು ಕೆಲಸಕ್ಕೆ ಕರೆಯುವವರಾದರೂ ಯಾರು?

ಕೊನೆಗೆ ಸಿಕ್ಕವರು ಮೂಳೆ ಆಪರೇಷನ್ ಮಾಡುವ ಡಾಕ್ಟರಮ್ಮ. ಮಾತಿಗೆ ಬಹಳ ಬಿಗಿ. ಚಿತ್ರಗಳನ್ನು ಬೆಳಕಿಗೆ ಹಿಡಿದು, ಮೊಣಕಾಲಿನಲ್ಲಿ ತುಸು ಸವೆತ ಕಾಣುತ್ತದೆ, ಅಲ್ಲೇ ತೆರೆದು ನೋಡೋಣ ಎಂದರು. ನಾನೂ ಹೂಂ ಎಂದೆ. ಏನಾದರೂ ತೆರೆಯಲಿ, ಒಟ್ಟಿನಲ್ಲಿ ಯಾರಾದರೂ ನಂಬಿದರಲ್ಲ.

ಆಪರೇಷನ್ ದಿನ ಬೆಳಿಗ್ಗೆ ಅವರು ಕೈಯಲ್ಲಿ ಮಾರ್ಕರ್ ಪೆನ್ನು ಹಿಡಿದು ಬಂದರು. ಕೊಯ್ಯುವ ಜಾಗಕ್ಕೆ ಮೊದಲು ಗುರುತು ಹಾಕಬೇಕಂತೆ, ಅದನ್ನು ರೋಗಿಯೇ ತೋರಿಸಬೇಕಂತೆ.

"ಎಲ್ಲಿ ನೋವು? ಒಂದು ಬೆರಳಲ್ಲಿ ತೋರಿಸಿ."

"ಒಂದು ಬೆರಳಿಗೆ ಹಿಡಿಸೋ ನೋವಲ್ಲ ಡಾಕ್ಟ್ರೇ, ಇಡೀ ಕಾಲು!"

ಅವರು ತೊಡೆ ಒತ್ತಿದರು. "ಅಯ್ಯಯ್ಯೋ!" ಎಂದೆ. ಮೊಣಕಾಲು ಒತ್ತಿದರು. "ಸತ್ತೇ ಹೋದೆ!" ಎಂದೆ. ಪಾದದ ಕಡೆ ಕೈ ಚಾಚಿದರು, ಮುಟ್ಟುವ ಮೊದಲೇ ಕೂಗಿದೆ. ಆಮೇಲೆ ಮೊಣಕಾಲಿಗೂ ಪಾದಕ್ಕೂ ನಡುವೆ, ಕಣಕಾಲಿನ ಮಧ್ಯದಲ್ಲಿ ಹೆಬ್ಬೆರಳಿಟ್ಟು ಅದುಮಿದರು.

ದನಿಯೇ ಹೊರಡಲಿಲ್ಲ. ಹಾಸಿಗೆಯ ಅಂಚು ನನ್ನ ಮುಷ್ಟಿಯೊಳಗೆ ಮುದುಡಿಹೋಗಿತ್ತು.

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು. "ಇಲ್ಲಿ ಮಾತ್ರ ಯಾಕೆ ಕೂಗಲಿಲ್ಲ?"

ನಾನು ಮುದುಡಿದ ಹಾಸಿಗೆಯ ಅಂಚನ್ನು ಸರಿಮಾಡತೊಡಗಿದೆ.

"ಮಾತ್ರೆ ನುಂಗಿದ್ರೆ ಕಡಿಮೆಯಾಗುತ್ತಾ?"

"ಹೇಳಿ," ಎಂದು ಮಂಚದ ಪಕ್ಕ ನಿಂತಿದ್ದ ನನ್ನವಳು ತಿವಿದಳು. "ಈಗ ಬಾಯಿಗೆ ಬೀಗ ಬಿತ್ತಾ?"

"ಆಸ್ಪಿರಿನ್ ನುಂಗಿದ್ರೆ ಸ್ವಲ್ಪ ಹೊತ್ತಿಗೆ ಮಾಯ ಆಗುತ್ತೆ," ಎಂದು ಗೊಣಗಿದೆ. "ತಲೆನೋವಿನ ಮಾತ್ರೆಗೆ ಹೋಗೋ ನೋವು ಅಂತ ಹೇಳಿಕೊಂಡ್ರೆ ನನ್ನ ಮರ್ಯಾದೆ ಏನಾಗಬೇಕು?"

"ನಿಮ್ಮ ಮರ್ಯಾದೆಗೋಸ್ಕರ ಸರಿಯಿರೋ ಮೊಣಕಾಲು ಕೊಯ್ತಿದ್ದೆ," ಎಂದು ಅವರು ಆಪರೇಷನ್ ರದ್ದು ಮಾಡಿದರು. ಅದೇ ದಿನ ಕಣಕಾಲಿಗೆ ಎಳೆ ಎಳೆಯಾಗಿ ಸ್ಕ್ಯಾನ್ ಆಯಿತು. ಮೂಳೆ ಒಂದು ಕಡೆ ದಪ್ಪಗಟ್ಟಿತ್ತು, ಅದರ ನಡುವೆ ಮೆಣಸಿನ ಕಾಳಿನಂಥ ಚುಕ್ಕೆ. ಅಪರೂಪದ ರೋಗ, ಆಸ್ಟಿಯಾಯ್ಡ್ ಆಸ್ಟಿಯೋಮಾ ಎಂದು ಹೆಸರು. ರಾತ್ರಿ ಕೊರೆಯುವುದು, ಆಸ್ಪಿರಿನ್‌ಗೆ ಇಳಿಯುವುದು ಅದರದೇ ಗುರುತಂತೆ. ಕ್ಯಾನ್ಸರ್ ಅಲ್ಲ. ಇಷ್ಟು ದಿನ ಅದರ ಮೇಲೂ ಕೆಳಗೂ ಚಿತ್ರ ತೆಗೆದು, ಅದೊಂದನ್ನು ಬಿಟ್ಟಿದ್ದರು! ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ಕೇಳಬೇಡಿ.

"ಕಾಳು ಪೂರ್ತಿ ಬರಬೇಕು," ಎಂದರು ಡಾಕ್ಟರಮ್ಮ. "ಚೂರು ಉಳಿದರೂ ನೋವು ವಾಪಸ್ಸು. ಮತ್ತೆ ಕೊಯ್ಯಬೇಕಾಗುತ್ತೆ."

ನಾವು ಹಳೇ ಬಣ್ಣ ಕೆರೆಯುವ ಹಾಗೆ, ಅವರು ಮೂಳೆಯನ್ನು ಪದರ ಪದರವಾಗಿ ಕೆರೆದು ಆ ಕಾಳನ್ನು ತೆಗೆದರು.

ಮರುದಿನ ಬೆಳಿಗ್ಗೆ ಅವರು ವಾರ್ಡಿಗೆ ಬಂದಾಗ ಮಂಚದ ಸುತ್ತ ಭಾವಮೈದುನ, ನನ್ನವಳು, ನರ್ಸು ಎಲ್ಲರೂ ಇದ್ದರು. ಪಕ್ಕದ ಮಂಚದವನೂ ಮೊಣಕೈಯೂರಿ ಎದ್ದು ಕೂತಿದ್ದ. ಇಷ್ಟು ಜನ ಸೇರಿದರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ.

"ಹೇಗಿದೀರಿ?"

"ಪ್ರಾಣ ಹೋಗ್ತಿದೆ ಡಾಕ್ಟ್ರೇ! ಮುಂಚೆಗಿಂತ ಹತ್ತು ಪಟ್ಟು!"

ಅವರ ಮುಖ ಸಪ್ಪಗಾಯಿತು. "ಅದೇ ಹಳೇ ನೋವಾ?"

"ಅದೇ! ರಾತ್ರಿಯೆಲ್ಲ ರೆಪ್ಪೆ ಮುಚ್ಚಿಲ್ಲ."

ಅವರು ಒಂದು ಕ್ಷಣ ತಮ್ಮ ಕೈಗಳನ್ನೇ ನೋಡಿಕೊಂಡರು. ಆಮೇಲೆ ನರ್ಸಿನತ್ತ ತಿರುಗಿದರು. "ಚೂರು ಉಳಿದಿರಬೇಕು. ತಿನ್ನೋಕೆ ಏನೂ ಕೊಡಬೇಡಿ. ಸ್ಕ್ಯಾನ್ ಮಾಡಿಸಿ, ಇವತ್ತೇ ಮತ್ತೆ ತೆರೀತೀನಿ."

ನಾನು ಹೊದಿಕೆಯನ್ನು ಕಾಲಿನ ಮೇಲೆ ಎಳೆದುಕೊಂಡೆ.

"ರೆಪ್ಪೆ ಮುಚ್ಚಿಲ್ವಾ?" ನನ್ನವಳು ಸೊಂಟಕ್ಕೆ ಕೈಯಿಟ್ಟಳು. "ನಿಮ್ಮ ಗೊರಕೆ ತಡೀಲಾರದೆ ಪಕ್ಕದವರು ಬೇರೆ ವಾರ್ಡಿಗೇ ಓಡಿಹೋದ್ರು!"

"ಓಡಿಹೋಗಿಲ್ಲಮ್ಮ," ಎಂದ ಪಕ್ಕದ ಮಂಚದವನು. "ಕೇಳಿದ್ದೆ, ಕೊಡಲಿಲ್ಲ."

ಭಾವಮೈದುನ ಕಿಟಕಿಯ ಕಡೆ ತಿರುಗಿ ಭುಜ ಕುಣಿಸತೊಡಗಿದ. ಡಾಕ್ಟರಮ್ಮ ಮಾತ್ರ ನಗಲಿಲ್ಲ. "ಒಂದೇ ಸಲ ಕೇಳ್ತೀನಿ. ಆ ಕೊರೆತ ಇದೆಯೋ, ಇಲ್ಲವೋ?"

"ಇಲ್ಲ," ಎಂದೆ. ಇಷ್ಟು ಚಿಕ್ಕ ಉತ್ತರ ನನ್ನ ಬಾಯಿಂದ ಎಂದೂ ಬಂದಿರಲಿಲ್ಲ. "ಹೊಲಿಗೆ ಹಾಕಿದ ಕಡೆ ಸ್ವಲ್ಪ ಉರೀತಿದೆ. ಸ್ವಲ್ಪ ಅಂದ್ರೆ ಸ್ವಲ್ಪವೇ ಡಾಕ್ಟ್ರೇ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ."