ಜಗಲಿಯ ಮೇಲಿನ ಜಾಗ

ಕರೆಯದೆ ಯಾರ ಬಳಿಯೂ ಹೋಗಬಾರದು ಎನ್ನುವುದು ಕವನಳಿಗೆ ಅವ್ವ ಮಹದೇವಮ್ಮ ಕಲಿಸಿದ ಮೊದಲ ಪಾಠ. ತಮ್ಮೂರು ಹದಿನಾರಿನಲ್ಲಿ ಅವ್ವ ಕೂಲಿಗೆ ಹೋಗುತ್ತಿದ್ದ ಮನೆಗಳ ಮುಂದೆ, ಒಳಗಿನವರು ಕೂಗುವ ತನಕ ಅಂಗಳದಲ್ಲೇ ನಿಂತಿರಬೇಕಿತ್ತು. ಆ ಹಾಳು ರೂಢಿಯನ್ನು ಮಗಳು ನಂಜನಗೂಡಿನ ಕಾಲೇಜಿಗೂ ಹೊತ್ತು ತಂದಿದ್ದಳು. ಹೊರು ಎಂದು ಯಾರೂ ಹೇಳಿರಲಿಲ್ಲ.

೧೯೯೮ನೇ ಇಸವಿ, ಬಿ.ಕಾಂ. ಕೊನೆಯ ವರ್ಷ. ಲೈಬ್ರರಿ ಹಿಂದಿನ ಜಗಲಿಯಲ್ಲಿ ಮಧ್ಯಾಹ್ನ ಐದಾರು ಜನ ಒಟ್ಟಿಗೆ ಓದುತ್ತಿದ್ದರು. ಓದೇನು ಬಂತು, ಅರ್ಧ ಜಗಳ, ಅರ್ಧ ನಗು. ಕವನ ಹುಣಸೆಮರದಡಿ ಒಬ್ಬಳೇ ಬುತ್ತಿ ಬಿಚ್ಚುತ್ತಿದ್ದಳು. ಯಾರಾದರೂ ಕರೆದಾರೇನೋ ಎಂದು ನಿಧಾನವಾಗಿ ಉಣ್ಣುತ್ತಿದ್ದಳು. ಯಾರೂ ಕರೆಯುತ್ತಿರಲಿಲ್ಲ.

ಅಕೌಂಟೆನ್ಸಿಯಲ್ಲಿ ಆಗಲೇ ಎರಡು ಸಲ ಡುಮ್ಕಿ ಹೊಡೆದಿದ್ದಳು. ಎಲ್ಲ ಬಾಯಿಪಾಠ, ಪ್ರಶ್ನೆ ಕೊಂಚ ತಿರುಗಿಸಿದರೆ ಕಥೆ ಮುಗಿಯಿತು. "ಈ ಸಲಾನೂ ಪೇಲಾದ್ರೆ ಬುಟ್ಬುಡು ಕಣವ್ವ, ಪ್ಯಾಕ್ಟ್ರಿಗೆ ಸೇರ್ಕೊ" ಎಂದಿದ್ದ ಅಪ್ಪ ಚಲುವಯ್ಯ.

ಒಂದು ಮಧ್ಯಾಹ್ನ ಅವಳು, ಯಂತ್ರದ ಬೆಲೆಯನ್ನು ವರ್ಷವರ್ಷವೂ ಇಳಿಸುತ್ತ ಹೋಗುವ ಸವಕಳಿ ಲೆಕ್ಕದ ಮುಂದೆ ಕಂಗಾಲಾಗಿ ಕೂತಿದ್ದಾಗ, ಜಗಲಿಯಲ್ಲೂ ಅದೇ ಲೆಕ್ಕದ ಜಗಳ ಕೇಳಿಸಿತು. ತನ್ನ ಮೇಲೇ ಸಿಟ್ಟು ಬಂತು. ಎದ್ದು ಹೋಗಿ ಕಂಬದ ಪಕ್ಕ ನಿಂತಳು. ಗುಂಪಿನಲ್ಲಿದ್ದ ಶ್ವೇತ ತಲೆ ಎತ್ತದೆಯೇ ತನ್ನ ಬ್ಯಾಗನ್ನು ಅತ್ತ ಸರಿಸಿದಳು. ಕವನ ಕೂತಳು.

"ಮಿಷಿನ್ ಚೆನ್ನಾಗೇ ಓಡ್ತಾ ಇದೆ, ಬೆಲೆ ಯಾಕಪ್ಪಾ ಇಳಿಸ್ಬೇಕು?" ಎಂದು ಸೋಮಶೇಖರ ಕೂಗಾಡುತ್ತಿದ್ದ. ಯಾರಿಗೂ ಗೊತ್ತಿರಲಿಲ್ಲ! ಕವನಳಿಗೆ ಆಶ್ಚರ್ಯವಾಯಿತು. ಇವರೆಲ್ಲ ಬಲ್ಲವರೆಂದುಕೊಂಡಿದ್ದಳು.

"ನಮ್ಮೆತ್ತೂ ಚೆನ್ನಾಗೇ ಗೇಯ್ತದೆ," ಎಂದಳು ಅಳುಕುತ್ತ. "ಆದ್ರೂ ಈಗ ಸಂತೆಗೆ ಹೊಡುದ್ರೆ ತಂದಾಗಿನ ಬೆಲೆ ಬತ್ತದಾ? ಒಂದೊಂದ್ ವರ್ಷ ಗೇದಿದ್ದು ಆಯಾ ವರ್ಷದ್ ಖರ್ಚು ತಾನೆ?"

ಹೇಳುತ್ತಿದ್ದಂತೆ ಅವಳಿಗೂ ಅರ್ಥವಾಯಿತು. ಎರಡು ವರ್ಷ ಉರುಹೊಡೆದರೂ ಆಗದಿದ್ದದ್ದು.

"ಇಷ್ಟೇನಾ ಲೇ!" ಎಂದು ಸೋಮಶೇಖರ ತೊಡೆ ತಟ್ಟಿಕೊಂಡ. ಆಮೇಲೆ ಅದನ್ನು ಎಲ್ಲಿ, ಹೇಗೆ ಬರೆಯಬೇಕೆಂದು ಶ್ವೇತ ಅವಳಿಗೆ ತೋರಿಸಿಕೊಟ್ಟಳು. ಪರೀಕ್ಷೆವರೆಗಿನ ಎರಡು ತಿಂಗಳು ಕವನ ಅಲ್ಲೇ ಉಂಡಳು, ಅಲ್ಲೇ ಜಗಳವಾಡಿದಳು, ಗೊತ್ತಿಲ್ಲ ಎಂದು ನಾಚದೆ ಹೇಳಲು ಕಲಿತಳು.

ಪಾಸಾದಳು. ರಿಸಲ್ಟಿನ ದಿನ ಎಲ್ಲರೂ ಬಸ್‌ಸ್ಟ್ಯಾಂಡಿನಲ್ಲಿ ಚದುರುವಾಗ ಶ್ವೇತಳನ್ನು ಕೇಳಿಯೇಬಿಟ್ಟಳು: "ಅಷ್ಟು ದಿನ ನನ್ನ ಯಾಕ್ ಕರೀಲಿಲ್ಲ ನೀವು?"

"ನನ್ನನ್ನಾದ್ರೂ ಯಾರ್ ಕರೆದಿದ್ರು? ಬಂದೆ, ಕೂತ್ಕೊಂಡೆ. ನಿಂಗೆ ಒಬ್ಳೇ ಇರೋದೇ ಇಷ್ಟ ಅಂದ್ಕೊಂಡಿದ್ವಿ ಕಣೇ."

ಶ್ವೇತಳ ಬಸ್ಸು ಹೊರಟಿತು. ಹದಿನಾರಿನ ಬಸ್ಸಿನಲ್ಲಿ ಕವನ, ಯಾರಾದರೂ ಕರೆಯಲಿ ಎಂದು ಸುಮ್ಮನೆ ಕಾದ ವರ್ಷಗಳನ್ನು ನೆನೆದು ದಾರಿಯುದ್ದಕ್ಕೂ ಅತ್ತಳು. ಮನೆಯಲ್ಲೂ ಅಳು ನಿಲ್ಲಲಿಲ್ಲ. ಮಗಳು ಖುಷಿಗೆ ಅಳುತ್ತಿದ್ದಾಳೆಂದು ಅವ್ವ ಸೆರಗಿನಿಂದ ಅವಳ ಕಣ್ಣೊರೆಸಿದಳು. ಆ ಮೊದಲ ಪಾಠ ಕಲಿಸಿದ ಅವ್ವನಿಗೆ ಏನೆಂದು ಹೇಳುವುದು? ಕವನ ಹೂಂ ಎಂದಳು.