ಕಂಪನಿ ಬಣ್ಣದ ಸೈಕಲ್

ನಮ್ಮ ಶೆಡ್ಡಿಗೂ ಮನೆಗೂ ನಡುವೆ ಇರುವುದು ಒಂದೇ ರಸ್ತೆ. ಆ ರಸ್ತೆಯಲ್ಲಿ ಬಸ್ಸಿಲ್ಲ, ನಡೆಯಲು ಬಲು ದೂರ. ಇರುವುದು ಕಂಪನಿ ವ್ಯಾನು, ವ್ಯಾನಿನ ಕೀಲಿ ಇರುವುದು ಸೂಪರ್‌ವೈಸರ್ ಜೇಬಿನಲ್ಲಿ. ಅದಕ್ಕೇ ಅವನಿಗೆ ನಾವಿಟ್ಟ ಹೆಸರು ಕೀಲಿಕೈ. ಎದುರಿಗೆ ಸಾರ್, ಬೆನ್ನ ಹಿಂದೆ ಕೀಲಿಕೈ.

ಸಂಜೆ ಸೈರನ್ ಆಗುತ್ತದೆ. ಅಲ್ಲಿಗೆ ನಮ್ಮ ದಿನ ಮುಗಿಯಿತು ಅಂತ ಲೆಕ್ಕ. ಕೈ ತೊಳೆದು, ಬಟ್ಟೆ ಬದಲಿಸಿ, ವ್ಯಾನಿನಲ್ಲಿ ಹೋಗಿ ಕೂರುತ್ತೇವೆ. ವ್ಯಾನು ಹೊರಡುವುದಿಲ್ಲ. ಲಾರಿ ಬರಬೇಕು, ನಾವು ಮಾಡಿದ ಕಬ್ಬಿಣದ ಬೀರುಗಳನ್ನು ಅದಕ್ಕೆ ಹತ್ತಿಸಬೇಕು. "ಹೇಗೂ ಕೂತಿದ್ದೀರಲ್ಲ, ಒಂದ್ ಕೈ ಹಾಕಿ" ಅನ್ನುತ್ತಾನೆ ಕೀಲಿಕೈ. ಹೇಗೂ ಕೂತಿದ್ದೇವಂತೆ. ಕೂರಿಸಿದವನು ಯಾರು? ಆ ಒಂದು ಕೈಗೆ ಸಂಬಳವಿಲ್ಲ. ಕೈ ಹಾಕದಿದ್ದರೆ ಕೀಲಿ ಜೇಬಿನಿಂದ ಹೊರಗೆ ಬರುವುದಿಲ್ಲ. ಬೀದಿ ದೀಪ ಹತ್ತಿದ ಮೇಲೆ ಮನೆ ಮುಟ್ಟುತ್ತಿದ್ದೆವು. ಯಾರೂ ಸೊಲ್ಲೆತ್ತುತ್ತಿರಲಿಲ್ಲ. ನಾನೂ ಎತ್ತಿರಲಿಲ್ಲ, ಅಕ್ಕನ ಕೆಲಸಕ್ಕೆ ಕುತ್ತು ಬರುವವರೆಗೆ.

ಅಕ್ಕ ನರ್ಸಿಂಗ್ ಹೋಮಿನಲ್ಲಿ ನೆಲ ಒರೆಸುತ್ತಾಳೆ, ಸಂಜೆ ಪಾಳಿ. ಭಾವ ಕೆಲಸ ಹುಡುಕಿಕೊಂಡು ಹೋದವನು ಹೋದವನೇ, ಪತ್ತೆಯಿಲ್ಲ. ಅವರ ಮಗಳು ಇನ್ನೂ ಬಾಗಿಲ ಚಿಲಕ ಎಟುಕದ ಪಾಪು. ನಾನು ಮನೆಯೊಳಗೆ ಕಾಲಿಟ್ಟರೆ ಮಾತ್ರ ಅಕ್ಕ ಹೊರಗೆ ಕಾಲಿಡಬಹುದು. ನಾನು ತಡವಾದರೆ ಅವಳು ತಡ. ಅಲ್ಲಿನ ಮೇಲ್ವಿಚಾರಕಿ ಒಂದು ಸಂಜೆ ಅವಳನ್ನು ಎಲ್ಲರೆದುರು ನಿಲ್ಲಿಸಿ, ಇನ್ನೊಂದು ಸಲ ತಡವಾದರೆ ಬರುವುದೇ ಬೇಡ, ನಿನ್ನ ಜಾಗಕ್ಕೆ ಜನ ಕಾದಿದ್ದಾರೆ ಅಂದಳಂತೆ. ಅಕ್ಕ ಅದನ್ನು ನನಗೆ ಹೇಳಿದ್ದು ಗೋಡೆ ನೋಡಿಕೊಂಡು. ನನ್ನ ಮುಖ ನೋಡಿ ಹೇಳಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಮರುದಿನ ರಜೆ. ಮಾರ್ಕೆಟ್ ಹಿಂದಿನ ಹಳೇ ಸೈಕಲ್ ಅಂಗಡಿಗೆ ಹೋದೆ. ಅಂಗಡಿ ಮುದುಕ ಮೊದಲು ಮುಂದೆ ತಳ್ಳಿದ್ದು ಮಿರಮಿರ ಮಿಂಚುವುದನ್ನು.

"ಗೇರಿದೆ, ಒಳ್ಳೆ ಬೆಲ್ಲಿದೆ, ನೀರಿನ ಬಾಟ್ಲಿ ಇಡೋಕೆ ಜಾಗ ಇದೆ ನೋಡು ತಮ್ಮಾ."

"ದುಡ್ಡೆಲ್ಲ ನಿಮಗೆ ಕೊಟ್ಮೇಲೆ ಬಾಟ್ಲಿ ತಗೊಳ್ಳೋದು ಯಾವುದರಲ್ಲಿ ಯಜಮಾನ್ರೇ" ಅಂದೆ.

ಮೂಲೆಯಲ್ಲಿ, ಟೈರುಗಳ ರಾಶಿಯ ಹಿಂದೆ, ತುಕ್ಕು ಹಿಡಿದು ಕೆಂಪಗಾಗಿದ್ದ ಒಂದು ಸೈಕಲ್ ಇತ್ತು. ಅದನ್ನು ಕೇಳಿದೆ. ಅದು ಮಾರೋಕಿಟ್ಟಿದ್ದಲ್ಲ, ಬೇರೆ ಸೈಕಲ್‌ಗಳು ಒರಗಿಕೊಳ್ಳಲಿ ಅಂತ ಇಟ್ಟಿದ್ದು ಅಂದ. ಕೇಳದೆ ಎಳೆದು ಹೊರಗೆ ಹಾಕಿದೆ. ಹಿಂಭಾಗ ಎತ್ತಿ ಪೆಡಲ್ ತಿರುಗಿಸಿದೆ, ಚಕ್ರ ಅತ್ತಿತ್ತ ಓಲಾಡದೆ ನೆಟ್ಟಗೆ ತಿರುಗಿತು. ಚೈನಿಗೆ ಎಣ್ಣೆಯಿಲ್ಲ, ಬ್ರೇಕಿನ ರಬ್ಬರಿಲ್ಲ, ಸೀಟು ಹರಿದು ಬಾಯಿ ಬಿಟ್ಟಿದೆ. ಆದರೆ ಎಲುಬು ಗಟ್ಟಿ. ಮುದುಕ ಒಂದು ರೇಟು ಹೇಳಿದ, ನಾನು ಅದರ ಅರ್ಧಕ್ಕೆ ಕೇಳಿದೆ.

"ಆ ರೇಟಿಗೆ ಮುಂದಿನ ಚಕ್ರ ಒಯ್ಯಿ. ಹಿಂದಿಂದು ಆಮೇಲೆ ನೋಡೋಣ."

"ಒಂದೇ ಚಕ್ರದ ಮೇಲೆ ಹೋಗೋಕೆ ನಾನೇನು ಸರ್ಕಸ್‌ನವನಾ?"

ಮುದುಕ ನಕ್ಕ. ನಕ್ಕಿದ್ದೇ ತಪ್ಪಾಯಿತು ಅವನಿಗೆ, ನಾನು ಹಿಡಿದ ಪಟ್ಟು ಬಿಡಲಿಲ್ಲ. ಕೊನೆಗೆ ಹೊಸ ರಬ್ಬರೂ ಹಾಕಿಸಿಕೊಂಡು ಜೇಬು ಬರಿದು ಮಾಡಿ ಹೊರಟೆ. ರಸೀದಿ ಕೇಳಿದ್ದಕ್ಕೆ, ಈ ರೇಟಿಗೆ ಸೈಕಲ್ ಬಂದಿದ್ದೇ ನಿನ್ನ ಪುಣ್ಯ, ರಸೀದಿ ಬೇರೆ ಕೇಡು ಅಂದ.

ಮರುದಿನ ತುಕ್ಕಿನ ಸೈಕಲ್ ತುಳಿದುಕೊಂಡು ಗೇಟಿಗೆ ಹೋದೆ. ಕಾವಲಿನ ತಾತ ಅದನ್ನು ಮೇಲಿಂದ ಕೆಳಗೆ ನೋಡಿ, ಗುಜರಿ ಅಂಗಡಿ ಆ ಕಡೆ ಕಣಪ್ಪ ಅಂತ ಕೈ ತೋರಿಸಿದ. ಸಂಜೆ ಸೈರನ್ ಕೂಗಿದ ಕೂಡಲೇ ನಾನು ಗೇಟಿನಾಚೆ. ವ್ಯಾನಿನ ಕಿಟಕಿಗಳಲ್ಲಿ ಸಾಲಾಗಿ ಮುಖಗಳು. ಯಾರೋ ಸಿಳ್ಳೆ ಹಾಕಿದರು. ಆ ಸಂಜೆ ಅಕ್ಕ ಓಡದೆ ನಡೆದುಕೊಂಡೇ ಕೆಲಸಕ್ಕೆ ಹೋದಳು.

ಅಲ್ಲಿಗೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ದಿನವಿಡೀ ಬಣ್ಣ ಹೊಡೆಯುವವನಿಗೆ ತುಕ್ಕು ಕಂಡರೆ ಕೈ ಕಡಿಯುತ್ತದೆ.

ನಮ್ಮ ಶೆಡ್ಡಿನಲ್ಲೊಂದು ಪದ್ಧತಿಯಿದೆ. ಬೀರುವಿಗೆ ಹೊಡೆಯಲು ಬೆರೆಸಿದ ಬಣ್ಣ ಮರುದಿನಕ್ಕೆ ಉಳಿಯುವುದಿಲ್ಲ, ಡಬ್ಬದಲ್ಲೇ ಕಲ್ಲಾಗುತ್ತದೆ. ಮಿಕ್ಕಿದ್ದನ್ನು ಗುಂಡಿಗೆ ಸುರಿಯಬೇಕು. ಸುರಿಯುವ ಬದಲು ನಾವು ಮನೆಯಿಂದ ತಂದ ಸಾಮಾನಿಗೆ ಹೊಡೆದುಕೊಳ್ಳುತ್ತೇವೆ. ಸ್ಟೂಲು, ಬಕೆಟ್ಟು, ಕಿಟಕಿಯ ಸರಳು. ನಮ್ಮವರ ಮನೆ ಗುರುತು ಹಿಡಿಯಲು ವಿಳಾಸ ಬೇಕಾಗಿಲ್ಲ, ಆ ಬೂದು ಹಸಿರು ಕಂಡರೆ ಸಾಕು. ಕೀಲಿಕೈಗೂ ಇದು ಗೊತ್ತು. ಅವನ ಅತ್ತೆಯ ಕಬ್ಬಿಣದ ಮಂಚ ಬಿಡಿಬಿಡಿಯಾಗಿ ಬಂದು, ನಮ್ಮಲ್ಲಿ ಬಣ್ಣ ಹೊಡೆಸಿಕೊಂಡು ಹೋಗಿತ್ತು. ಹೊಡೆದವನು ನಾನು. ಅದಕ್ಕೆ ಪುಟ್ಟಿ ಹಚ್ಚಿ ಉಜ್ಜಿದವಳು ನಮ್ಮ ಶೆಡ್ಡಿನ ದೊಡ್ಡಕ್ಕ, ಎಲ್ಲರಿಗಿಂತ ಹಳಬಳು.

ನಾನೂ ಹಾಗೇ ಮಾಡಿದೆ. ಊಟದ ಬಿಡುವಿನಲ್ಲಿ ತುಕ್ಕು ಉಜ್ಜಿ, ಟೈರಿಗೆ ಬಟ್ಟೆ ಸುತ್ತಿ, ಬೆಳಗಿನ ಕೆಲಸದಲ್ಲಿ ಮಿಕ್ಕಿದ್ದನ್ನು ಹೊಡೆದೆ. ಬೀರುವಿಗೆ ಚಕ್ರ ಬಂದಂತಿದೆ, ಕನ್ನಡಿಯೊಂದು ಅಂಟಿಸಿಬಿಡು, ಮದುವೆ ಮನೆಗೆ ಮಾರಬಹುದು ಅಂತ ದೊಡ್ಡಕ್ಕ ಗೇಲಿ ಮಾಡಿದಳು.

ಕೀಲಿಕೈ ದೂರದಿಂದ ನೋಡುತ್ತಿದ್ದ, ತಡೆಯಲಿಲ್ಲ. ಅವನ ಕಣ್ಣು ನನ್ನ ಮೇಲೆ ಬಿದ್ದು ಕೆಲವು ದಿನವಾಗಿತ್ತು. ನಾನು ಸೈರನ್ನಿಗೆ ಸರಿಯಾಗಿ ಹೋಗುವುದನ್ನು ಕಂಡು ಉಳಿದವರೂ ಗೊಣಗಲು ಶುರುಮಾಡಿದ್ದರು. ಬೀರು ಎತ್ತುವ ಕೈಗಳು ಮೊದಲಿನಷ್ಟು ಚುರುಕಾಗಿ ಏಳುತ್ತಿರಲಿಲ್ಲ.

ಅಂದು ಸಂಜೆ ಸೈರನ್ ಆಯಿತು. ಗೇಟು ಮುಚ್ಚಿತ್ತು. ಯಾವತ್ತೂ ಮುಚ್ಚಿರುತ್ತಿರಲಿಲ್ಲ. ತಾತ ಬೀಗದ ಮುಂದೆ ನಿಂತು ನೆಲ ನೋಡುತ್ತಿದ್ದ. ಪಕ್ಕದಲ್ಲಿ ಕೀಲಿಕೈ.

"ಪಾಸ್ ಎಲ್ಲಿ?"

"ಯಾವ ಪಾಸು ಸಾರ್?"

ಅವನು ಗೇಟಿನ ಬೋರ್ಡಿಗೆ ಬೆರಳು ತೋರಿಸಿದ. ಕಂಪನಿ ಬಣ್ಣದ ಸಾಮಾನು ಪಾಸ್ ಇಲ್ಲದೆ ಹೊರಗೆ ಹೋಗತಕ್ಕದ್ದಲ್ಲ. ಹಿಂದೆ ಯಾರೋ ಬೀರುವಿನ ಒಳಹಲಗೆಗಳನ್ನು ಒಂದೊಂದಾಗಿ ಸಾಗಿಸಿದ್ದರಂತೆ, ಆಗ ಬರೆಸಿದ್ದು. ನಾವು ದಿನಾ ಅದರ ಕೆಳಗೇ ಓಡಾಡುತ್ತೇವೆ. ಆ ಬಣ್ಣದ ಸ್ಟೂಲು ಬಕೆಟ್ಟುಗಳು ಅದರ ಕೆಳಗೇ ಹೊರಗೆ ಹೋಗಿವೆ. ಬೋರ್ಡು ನೋಡುತ್ತ ನೋಡುತ್ತ ಅದನ್ನು ಓದುವುದನ್ನೇ ಬಿಟ್ಟಿದ್ದೆವು.

ಬೆಳಿಗ್ಗೆ ಇದೇ ಸೈಕಲ್ ಒಳಗೆ ಬಂದಿದ್ದನ್ನು ನೀನು ನೋಡಿಲ್ಲವೇ ಅಂತ ತಾತನನ್ನು ಕೇಳಿದೆ.

"ನಾನು ನೋಡಿದ್ದು ಕೆಂಪಗಿತ್ತು ಕಣಪ್ಪ" ಅಂದ, ತಲೆ ಎತ್ತದೆ. ಅವನ ಮೇಲೆ ಸಿಟ್ಟು ಬರಲಿಲ್ಲ. ಅವನಿಗೂ ಹೊಟ್ಟೆಯಿದೆ.

ಕೀಲಿಕೈ ಬೆಣ್ಣೆಯಂಥ ದನಿಯಲ್ಲಿ ಹೇಳಿದ, ಸೈಕಲ್ ಇಲ್ಲೇ ಇರಲಿ, ರಸೀದಿ ತಂದು ತೋರಿಸಿದ ದಿನ ಒಯ್ಯಿ, ಅಲ್ಲಿಯವರೆಗೆ ಎಲ್ಲರ ಜೊತೆ ವ್ಯಾನಿನಲ್ಲಿ ಬಾ, ಈಗ ಲಾರಿ ಬರುತ್ತದೆ, ಒಂದ್ ಕೈ ಹಾಕು.

ನೆತ್ತಿಗೇರಿತು. ಮನೆಯಲ್ಲಿ ಅಕ್ಕ ಕೆಲಸದ ಸೀರೆಯುಟ್ಟು ಬಾಗಿಲಿಗೂ ಬೀದಿಗೂ ಸುತ್ತುತ್ತಿರುತ್ತಾಳೆ. ಇವತ್ತು ತಡವಾದರೆ ನಾಳೆ ಅವಳಿಗೆ ಕೆಲಸವಿಲ್ಲ. ನಾಲಿಗೆಯ ತುದಿಗೆ ಅವನ ಅತ್ತೆಯ ಮಂಚ ಬಂದುಬಿಟ್ಟಿತ್ತು. ನುಂಗಿಕೊಂಡೆ. ಅದನ್ನು ಹೇಳಿದರೆ ಮಂಚದ ಹಿಂದೆಯೇ ವ್ಯಾನಿನಲ್ಲಿ ಕೂತವರ ಕಿಟಕಿ, ಸ್ಟೂಲು ಎಲ್ಲ ಬೀದಿಗೆ ಬರುತ್ತವೆ. ನನ್ನ ಸೈಕಲ್ಲಿಗಾಗಿ ಅವರನ್ನೆಲ್ಲ ಕಳ್ಳರು ಮಾಡಲೇ? ನಾನು ಬಾಯಿ ಬಿಡಲಾರೆ ಅಂತ ಕೀಲಿಕೈಗೆ ಗೊತ್ತಿತ್ತು. ಅದಕ್ಕೇ ಹಲ್ಲು ಕಿರಿದು ನಿಂತಿದ್ದ.

ಹೊರಗೆ ಲಾರಿಯ ಹಾರ್ನ್ ಆಯಿತು.

ಸೈಕಲ್ಲನ್ನು ಗೇಟಿಗೆ ಅಡ್ಡಲಾಗಿ ಮಲಗಿಸಿದೆ. ಅದರ ಪಕ್ಕದಲ್ಲಿ ನಾನು ಕೂತೆ, ಮಣ್ಣಿನಲ್ಲಿ, ಚಕ್ಕಳಮಕ್ಕಳ ಹಾಕಿಕೊಂಡು.

"ಏನೋ ಇದು?"

"ಹೇಗೂ ಕೂತಿದ್ದೀನಲ್ಲ ಸಾರ್" ಅಂದೆ. "ನನ್ನ ಸೈಕಲ್ ಹೊರಗೆ ಹೋಗದೆ ನಿಮ್ಮ ಲಾರಿ ಒಳಗೆ ಬರಲ್ಲ."

ಎಬ್ಬಿಸಿ ಇವನನ್ನು ಅಂತ ಅವನು ವ್ಯಾನಿನ ಕಡೆ ತಿರುಗಿ ಹೇಳಿದ. ಯಾರೂ ಇಳಿಯಲಿಲ್ಲ. ಲಾರಿ ಡ್ರೈವರ್ ಹಾರ್ನಿನ ಮೇಲೆ ಕೈಯಿಟ್ಟವನು ತೆಗೆಯಲೇ ಇಲ್ಲ. ಆಮೇಲೆ ಕೆಳಗಿಳಿದು ಬಂದು, ಲೋಡ್ ಉಂಟೋ ಇಲ್ಲವೋ ಈಗಲೇ ಹೇಳಿ, ನನಗೆ ಇನ್ನೊಂದು ಕಡೆ ಬಾಡಿಗೆ ಇದೆ ಅಂತ ಗೇಟಿನ ಸಂದಿಯಿಂದ ರೇಗಿದ. ಕೆಲಸ ಹೋಯಿತು ಅಂತಲೇ ಅಂದುಕೊಂಡೆ. ಹೋದರೆ ಹೋಗಲಿ, ಆದರೆ ಎದ್ದು ಹೋಗಿ ಆ ವ್ಯಾನಿನಲ್ಲಿ ಕೂರುವುದಿಲ್ಲ.

ಆಗ ವ್ಯಾನಿನಿಂದ ದೊಡ್ಡಕ್ಕ ಇಳಿದಳು. ಇಳಿಯುವುದೂ ನಿಧಾನ, ಅವಳ ಮಂಡಿ ಮಾತು ಕೇಳುವುದಿಲ್ಲ. ನನ್ನನ್ನು ಎಬ್ಬಿಸಲು ಬಂದಳೇನೋ ಅಂದುಕೊಂಡೆ. ಅವಳು ಚೀಲದಿಂದ ಊಟದ ಡಬ್ಬಿ ತೆಗೆದು ಕೀಲಿಕೈ ಮುಂದೆ ಹಿಡಿದಳು. ಅದೂ ಬೂದು ಹಸಿರು.

"ಇದಕ್ಕೂ ಒಂದು ಪಾಸ್ ಬರೀರಿ ಸಾರ್."

"ನೀವು ಹೋಗಿ ಕೂತ್ಕೊಳ್ಳಿ ಅಮ್ಮ."

"ಕೂರ್ತೀನಿ. ಮಂಚಕ್ಕೆ ಪಾಸ್ ಬರೆದೋರು ಯಾರು ಅಂತ ಹೇಳಿದ್ರೆ ಅವರ ಹತ್ರಾನೇ ಬರೆಸ್ಕೊತೀನಿ."

ವ್ಯಾನಿನಲ್ಲಿ ಯಾರೋ ಕಿಸಕ್ಕೆಂದರು. ಒಬ್ಬರು ನಕ್ಕಮೇಲೆ ಉಳಿದವರಿಗೆ ತಡೆಯಲಾಗಲಿಲ್ಲ. ಕೀಲಿಕೈಯ ಕಿವಿ ಕೆಂಪಾಯಿತು. ಲಾರಿಯವನು ಎಂಜಿನ್ ಶುರುಮಾಡಿ ಹಿಂದಕ್ಕೆ ತೆಗೆಯುವಂತೆ ಸದ್ದು ಮಾಡಿದ.

"ತೆಗೀರಿ ಗೇಟು" ಅಂದ ಕೀಲಿಕೈ, ತಾತನ ಮೇಲೆ ಹರಿಹಾಯ್ದು.

ಲಾರಿ ಒಳಗೆ ಬರುವ ಮೊದಲೇ ಅದರ ಪಕ್ಕದ ಸಂದಿಯಲ್ಲಿ ತೂರಿಕೊಂಡು ಹೊರಗೆ ಬಿದ್ದೆ. ಬಣ್ಣ ಪೂರ್ತಿ ಆರಿರಲಿಲ್ಲ, ಮಣ್ಣು ಮೆತ್ತಿಕೊಂಡಿತ್ತು. ಬಾಯಿ ಒಣಗುವಷ್ಟು ತುಳಿದೆ. ಅಕ್ಕ ಪಾಪುವನ್ನು ಸೊಂಟದಲ್ಲಿ ಎತ್ತಿಕೊಂಡು ಬೀದಿ ತಿರುವಿನವರೆಗೆ ಬಂದುಬಿಟ್ಟಿದ್ದಳು. ಮಗುವನ್ನು ಅಲ್ಲೇ ನನ್ನ ತೋಳಿಗೆ ಹಾಕಿ ಓಡಿದಳು. ತಲುಪಿದಳು. ಆ ಮೇಲ್ವಿಚಾರಕಿ ಗಡಿಯಾರ ನೋಡಿ ಪೊರಕೆ ಕೊಟ್ಟಳಂತೆ.

ಮರುದಿನ ಹೋದೆ. ಸೈಕಲ್ಲಿನಲ್ಲೇ ಹೋದೆ. ಕೀಲಿಕೈ ನನ್ನನ್ನು ತೆಗೆಯಲಿಲ್ಲ, ಮಂಚದ ಮಾತು ಆಫೀಸಿನವರೆಗೆ ಹೋಗುವುದು ಅವನಿಗೂ ಬೇಕಿರಲಿಲ್ಲ. ಬದಲಿಗೆ ಹೊಸ ಆಜ್ಞೆ ಹೊರಡಿಸಿದ. ಇನ್ನು ಮಿಕ್ಕ ಬಣ್ಣವೆಲ್ಲ ಅವನ ಕಣ್ಣೆದುರೇ ಗುಂಡಿಗೆ. ವೆಲ್ಡಿಂಗ್ ಮಾಡುವವನು ಮನೆಯ ಕಿಟಕಿ ಸರಳು ತಂದಿದ್ದ, ಒಂದು ಮಗ್ಗುಲಿಗಷ್ಟೇ ಬಣ್ಣವಾಗಿತ್ತು. ನಿನ್ನ ದೆಸೆಯಿಂದ ನನ್ನ ಮನೆ ಅರ್ಧ ಕ್ಷೌರವಾದಂತೆ ಕಾಣುತ್ತದೆ ಅಂತ ದಿನವಿಡೀ ಬೈದ. ಬೈಸಿಕೊಂಡೆ. ಇನ್ನೂ ಇಬ್ಬರು ನನ್ನ ಜೊತೆ ಮಾತು ಬಿಟ್ಟರು. ದೊಡ್ಡಕ್ಕ ಮಾತ್ರ ಉಜ್ಜುವ ಕಾಗದ ಮಡಿಸುತ್ತ, ಆ ಮುದುಕನ ಅಂಗಡಿಯಲ್ಲಿ ತನ್ನ ಭಾರ ತಡೆಯುವ ಸೈಕಲ್ ಏನಾದರೂ ಉಂಟೇನೋ ಅಂತ ಕೇಳಿದಳು. ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ.

ಸಂಜೆ ಸೈರನ್ ಕೂಗಿತು. ಅವತ್ತು ಲಾರಿ ಮೊದಲೇ ಬಂದು ನಿಂತಿತ್ತು. ನಾನು ಸೈಕಲ್ ಹತ್ತಿ ಅದರ ಪಕ್ಕದಿಂದ ಹಾಯುವಾಗ ಕೀಲಿಕೈ ಕೂಗಿ ಹೇಳಿದ.

"ಒಂದೇ ಒಂದು ಬೀರು ಕಣೋ. ಒಂದ್ ಕೈ ಹಾಕಿ ಹೋಗು."

"ಎರಡೂ ಕೈ ಹ್ಯಾಂಡಲ್ ಮೇಲಿವೆ ಸಾರ್" ಅಂದೆ. ಬ್ರೇಕ್ ಹಿಡಿಯಲಿಲ್ಲ.